ಜಾಕೆಟ್ ಮಾವ
ಹಿಮಪ್ರದೇಶಕ್ಕೆ ಹೊರಡುವ ಸಾಹಸಿಗಳಿಗೆ ನಮ್ಮ ಕಂಪನಿ ಪುಕ್ಕಟೆಯಾಗಿ ಜಾಕೆಟ್ ಕೊಡುತ್ತದೆ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು, ನಾವೆಲ್ಲ ಜಾಕೆಟ್ ಮಾವ ಎಂದು ಕರೆಯುವ ಹಿರಿಯರೊಬ್ಬರು. ಬಂದವರ ಪದಕ, ಫೋಟೊ ಯಾವುದನ್ನೂ ಅವರು ನೋಡುವುದಿಲ್ಲ. "ಮನೇಲಿ ಯಾರ್ಯಾರಿದ್ದಾರಪ್ಪ?" ಎಂದು ಕೇಳುತ್ತಲೇ ತೋಳಿನ ಅಳತೆ ತೆಗೆಯುತ್ತಾರೆ. ಎದೆಯ ಮೇಲೆ ಕಂಪನಿಯ ಹೆಸರು ದೊಡ್ಡದಾಗಿರಲಿ ಎಂದು ಮ್ಯಾನೇಜರು ಹೇಳಿದರೆ, "ಅಲ್ಲಿ ಓದೋರು ಯಾರು ಸ್ವಾಮಿ, ಹಿಮಕರಡೀನಾ?" ಎಂದು ಎಲ್ಲರನ್ನೂ ನಗಿಸುತ್ತಾರೆ. ಅವರ ಕುರ್ಚಿಯ ಹಿಂದೆ ಒಂದು ಕೆಂಪು ಜಾಕೆಟ್ ಸದಾ ನೇತಾಡುತ್ತಿರುತ್ತದೆ. ಅದು ಸಾಹಸಯಾತ್ರೆಗೆ ಹೋಗಿ ಮರಳದ ಅವರ ತಂಗಿಯದು. ಹುಡುಕಲು ಹೋದವರಿಗೆ ಹಿಮದ ಮೇಲೆ ಸಿಕ್ಕಿದ್ದು ಅದೊಂದೇ. ಜಿಪ್ಪು ಕತ್ತಿನವರೆಗೂ ಹಾಕಿದಂತೆಯೇ ಇತ್ತಂತೆ, ಒಳಗೆ ಯಾರೂ ಇರಲಿಲ್ಲವಂತೆ. ಮೊನ್ನೆ ಒಗೆಯಲು ಕಳಿಸೋಣವೆಂದು ನಾನು ಅದರ ಜಿಪ್ಪಿಗೆ ಕೈ ಹಾಕಿದೆ. ಮಾವ ಮೆಲ್ಲಗೆ ನನ್ನ ಕೈ ಹಿಡಿದು, "ಬೇಡಮ್ಮ, ಅವಳಿಗೆ ಚಳಿಯಾಗುತ್ತೆ" ಎಂದರು. ಕೈ ಹಿಂದಕ್ಕೆ ತೆಗೆದೆ. ಬಟ್ಟೆ ಬೆಚ್ಚಗಿತ್ತು.