ಬಿಚ್ಚದೆ ಉಳಿದ ಟೆಂಟು

ಅಕ್ಕನ ಗಂಡ, ನಮ್ಮ ಭಾವ, ಕೊರಟಗೆರೆಯಲ್ಲಿ ಪೈಪು, ಮೋಟಾರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. ನಾನು ಮಧುಗಿರಿಯಲ್ಲಿ ಮೇಷ್ಟ್ರು. ಐವತ್ತು ದಾಟಿದ ಮೇಲೆ ಇಬ್ಬರಿಗೂ ಸೈಕಲ್ಲಿನ ಹುಚ್ಚು ಹಿಡಿದಿತ್ತು. ರಜೆ ಸಿಕ್ಕರೆ ಸಾಕು, ಟೆಂಟು ಕಟ್ಟಿಕೊಂಡು ಹೊರಟುಬಿಡುತ್ತಿದ್ದೆವು.

ಆ ಸಲದ ದಸರಾ ರಜೆಗೆ ದೊಡ್ಡ ಸುತ್ತು ಹಾಕುವುದೆಂದಾಗಿತ್ತು. ಮಧುಗಿರಿ, ಮಿಡಿಗೇಶಿ ಮೇಲೆ ಪಾವಗಡ, ಅಲ್ಲಿಂದ ಸಿರಾ, ಬುಕ್ಕಾಪಟ್ಟಣ. ಹಿಂದಿನ ದಿನ ಮಧ್ಯಾಹ್ನ ಭಾವನ ನಡುಮನೆಯಲ್ಲಿ ಸಾಮಾನು ಹರಡಿಕೊಂಡು ಕೂತೆವು. ಕಟ್ಟುವ ವಿಷಯದಲ್ಲಿ ಅವರ ಮಾತೇ ನಡೆಯಬೇಕು. ಸ್ಟವ್, ಪಾತ್ರೆ, ಅಕ್ಕಿ ಎಲ್ಲ ಚಕ್ರದ ಪಕ್ಕದ ಚೀಲಗಳ ತಳಕ್ಕೆ. ಎರಡೂ ಕಡೆ ತೂಕ ಸಮ ಇರದಿದ್ದರೆ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗುತ್ತದೆ. ಅಕ್ಕ ಕೊಟ್ಟ ಕಡಲೆಕಾಯಿ ಬೀಜದ ಚಟ್ನಿಪುಡಿಯನ್ನು ಮೇಲಿಟ್ಟರು. ಟೆಂಟನ್ನು ಮಾತ್ರ ಮಡಿಚುತ್ತಿರಲಿಲ್ಲ. ಪ್ರತಿಸಲ ಒಂದೇ ಕಡೆ ಮಡಿಚಿದರೆ ಬಟ್ಟೆ ಅಲ್ಲೇ ಸೀಳುತ್ತದೆಂದು ಚೀಲಕ್ಕೆ ಹೇಗೆಂದರೆ ಹಾಗೆ ತುರುಕುತ್ತಿದ್ದರು.

"ಕಡ್ಡಿ ಈ ಕಡೆ ಕೊಡು," ಎಂದರು. ಟೆಂಟಿನ ಕಡ್ಡಿಗಳನ್ನು ಕೊಟ್ಟೆ. ಅವರ ಎಡಗೈಯಿಂದ ಜಾರಿ ನೆಲಕ್ಕೆ ಬಿದ್ದವು. ಎತ್ತಿಕೊಂಡರು, ಮತ್ತೆ ಬಿದ್ದವು.

"ಯಾಕೋ ಕೈ ಜೋಮು ಹಿಡ್ದಂಗೈತೆ ಕಣ್ಲಾ."

ಮುಂದಿನ ಮಾತು ತೊದಲಿತು. ತಲೆಯೆತ್ತಿ ನೋಡಿದರೆ ಬಾಯಿ ಒಂದು ಕಡೆಗೆ ವಾಲಿತ್ತು.

ಪಕ್ಕದ ಮನೆಯವರ ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ಒಯ್ದೆವು. ಅಕ್ಕ ಮುಂದಿನ ಸೀಟಿನಲ್ಲಿ ಕೂತವಳು ದಾರಿಯುದ್ದಕ್ಕೂ ಹಿಂದೆ ತಿರುಗಲಿಲ್ಲ. ಭಾವ ಬದುಕಿದರು. ಎಡಗೈ, ಎಡಗಾಲು ಮಾತ್ರ ಅವರ ಮಾತು ಕೇಳಲಿಲ್ಲ.

ಚೀಲಗಳು ನಡುಮನೆಯ ಮೂಲೆಯಲ್ಲೇ ಉಳಿದವು. ಬಿಚ್ಚಿಡಲೇ ಎಂದು ಕೇಳಿದರೆ ಅಕ್ಕ, "ಎದ್ಮೇಲೆ ಹೋಯ್ತೀನಿ, ಮುಟ್ಬ್ಯಾಡಿ ಅಂತಾರೆ. ಇರ್ಲಿ ಬುಡು," ಎನ್ನುತ್ತಿದ್ದಳು. ಅವುಗಳ ಸುತ್ತ ಕಸ ಗುಡಿಸಿಕೊಂಡು ಹೋಗುತ್ತಿದ್ದಳು.

ಶಿವರಾತ್ರಿಯ ಹೊತ್ತಿಗೆ ಮೂಲೆಯಿಂದ ನಾತ ಬರತೊಡಗಿತು. ಬಿಚ್ಚಲೇಬೇಕಾಯಿತು. ಚಟ್ನಿಪುಡಿಗೆಂದು ನುಗ್ಗಿದ ಇಲಿಗಳು ಟೆಂಟಿಗೆ ತೂತು ಕೊರೆದು, ಮಲಗುವ ಚೀಲದ ಹತ್ತಿ ಕಿತ್ತು ಗೂಡು ಮಾಡಿದ್ದವು. ಒಳಗೆ ಕಣ್ಣು ಬಿಡದ ಮರಿಗಳು, ಕೆಲವು ಸತ್ತಿದ್ದವು. ಮಂಚದ ಮೇಲಿದ್ದ ಭಾವ ಜೋರಾಗಿ ನಗತೊಡಗಿದರು. ನಗು ನಿಲ್ಲಲೇ ಇಲ್ಲ. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಈ ಕಾಯಿಲೆಯಲ್ಲಿ ಅಳಬೇಕಾದಾಗ ನಗು ಬರಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅಕ್ಕ ಎಲ್ಲವನ್ನೂ ಹಳೇ ಮೊರಕ್ಕೆ ಎತ್ತಿಕೊಂಡು ಹೊರಗೆ ಹೋದಳು.

ಸ್ವಲ್ಪ ಹೊತ್ತಾದ ಮೇಲೆ ಭಾವ ಒಂದೊಂದೇ ಪದ ಎಳೆದು ಹೇಳಿದರು. "ನೀನಾರ... ಹೋಗ್ಬಾ."

ಟೆಂಟು ಒಗೆದು ತೇಪೆ ಹಾಕಿಸಿದೆ. ಹೊರಡುವ ಮುಂಚೆ ಅವರ ಮಂಚದ ಮುಂದೆಯೇ ಸಾಮಾನು ಕಟ್ಟಿದೆ. ಬಲಗೈಯ ಬೆರಳು ತೋರಿಸುತ್ತಾ, "ಅದು ಕೆಳಿಕ್ಕೆ," "ಆ ಕಡೆ ಭಾರ," ಎನ್ನುತ್ತಿದ್ದರು. ಒಂದು ಚೀಲವನ್ನು ಪೂರ್ತಿ ಖಾಲಿ ಮಾಡಿಸಿ ಮತ್ತೆ ತುಂಬಿಸಿದರು. ಅಷ್ಟು ದಿನಗಳಲ್ಲಿ ಅವರ ಮುಖ ಅಷ್ಟು ಗೆಲುವಾಗಿದ್ದುದನ್ನು ನಾನು ಕಂಡಿರಲಿಲ್ಲ.

ಪೂರ್ತಿ ಸುತ್ತು ನನ್ನೊಬ್ಬನಿಂದ ಆಗದು. ಸಿರಾ ಮೇಲೆ ಬುಕ್ಕಾಪಟ್ಟಣದ ಕಡೆ ಹೋಗಿ, ಒಂದು ಹೊಲದ ಯಜಮಾನರನ್ನು ಕೇಳಿ ಬದುವಿನ ಪಕ್ಕ ಟೆಂಟು ಹಾಕಿದೆ. ಕುರುಚಲು ಗಿಡಗಳ ನಡುವೆ ಬಿಸಿಗಾಳಿ ಬೀಸುತ್ತಿತ್ತು. ಬೆಳಕಿರುವಾಗಲೇ ವಿಡಿಯೋ ಕಾಲ್ ಮಾಡಿದೆ. ಅಕ್ಕ ಫೋನನ್ನು ಭಾವನ ಮುಖದೆದುರು ಹಿಡಿದಳು.

"ಭಾವ, ಗಾಳಿ ಜೋರೈತೆ. ಟೆಂಟು ಗಟ್ಟಿಯಾಗಿ ನಿಂತೈತೆ ನೋಡಿ."

ಅವರು ನೋಡಿದರು. ಸುತ್ತ ತೋರಿಸು ಎಂಬಂತೆ ಬೆರಳಾಡಿಸಿದರು. ಬಯಲು, ದೂರದ ಗುಡ್ಡ, ಒರಗಿಸಿಟ್ಟ ಸೈಕಲ್ಲು ತೋರಿಸಿದೆ. ಅಷ್ಟರಲ್ಲಿ ಅವರು ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ಕರೆದರೂ ತಿರುಗಲಿಲ್ಲ.

"ಸಾಕು ಕಣಪ್ಪ, ಫೋನ್ ಮಡುಗು," ಎಂದಳು ಅಕ್ಕ.

ಮಾರನೆಯ ದಿನ ಹಿಂದಿರುಗಿ ನೇರ ಅವರ ಮನೆಗೆ ಹೋದೆ. ಭಾವ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯಲ್ಲ ಎಂದು ಗೊತ್ತಾಗುತ್ತಿತ್ತು. ಅಕ್ಕ ಅಡುಗೆಮನೆಗೆ ಕರೆದು, "ನೆನ್ನೆಯಿಂದ ತುತ್ತು ಮುಟ್ಟಿಲ್ಲ. ಇನ್ಮೇಲೆ ಹೋದ್ರೂ ಹೇಳಬ್ಯಾಡ ಕಣೋ," ಎಂದಳು.

ಈಗಲೂ ರಜೆ ಸಿಕ್ಕರೆ ಟೆಂಟು ಕಟ್ಟಿಕೊಂಡು ಹೋಗುತ್ತೇನೆ. ಭಾವ ಆಗಾಗ ಕೇಳುತ್ತಾರೆ, "ಎಲ್ಲಾರ... ಹೋಗಿದ್ಯಾ?"

"ಇಲ್ಲ ಭಾವ, ಬಿಡುವೇ ಇಲ್ಲ," ಎನ್ನುತ್ತೇನೆ. ಅವರು ಬಿಸಿಲಿಗೆ ಸುಟ್ಟು ಕಪ್ಪಾದ ನನ್ನ ಮೊಣಕೈಗಳನ್ನು ನೋಡುತ್ತಾರೆ.