ಮುನಿರಾಜಣ್ಣನ ಸದ್ದಿನ ಅಳತೆ

ಮುನಿರಾಜಣ್ಣ ಯಾರ ಮನೆಗೆ ಹೋದರೂ ಮೊದಲು ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟುತ್ತಿದ್ದರು. ಒಂದೇ ಒಂದು. ತಲೆ ವಾಲಿಸಿ, ಆ ಸದ್ದು ಪೂರ್ತಿ ಅಡಗುವವರೆಗೂ ಕೇಳಿಸಿಕೊಂಡು, "ಕಿಟಕಿಗೊಂದು ದಪ್ಪ ಪರದೆ ಹಾಕಮ್ಮ, ಗೋಡೆಗೆ ಬಡ್ಕೊಂಡು ವಾಪಸ್ ಬತ್ತದೆ ಸದ್ದು" ಎನ್ನುತ್ತಿದ್ದರು. ಹೊಸೂರು ಪಕ್ಕದ ಮೂಕಂಡಪಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ ಹೀಗೆ ತಟ್ಟಿದಾಗ ನಾನೂ ನನ್ನ ಹೆಂಡತಿ ಸುಮಾಳೂ ಮುಖ ಮುಖ ನೋಡಿಕೊಂಡೆವು. ಹೋಮ್ ಥಿಯೇಟರ್ ಜೋಡಿಸಲು ಕರೆದರೆ ಯಾರೋ ಕಣಿ ಹೇಳುವವರು ಬಂದ ಹಾಗಿದೆಯಲ್ಲ ಎನಿಸಿತು.

ಅವರ ಊರು ಬಾಗಲೂರು. ಮೊದಲು ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದರಂತೆ. ಅದು ಮುಚ್ಚಿ ಮದುವೆ ಛತ್ರವಾದ ಮೇಲೆ ಮನೆ ಮನೆಗೆ ಹೋಗಿ ಸ್ಪೀಕರ್ ಕೂರಿಸುವ ಕೆಲಸ ಹಿಡಿದರು. ಅಂಗಡಿಯವರ ಜೊತೆ ತಮಿಳು, ಫೋನಿನಲ್ಲಿ ಹೆಂಡತಿಯ ಜೊತೆ ತೆಲುಗು, ನಮ್ಮ ಜೊತೆ ಕನ್ನಡ.

ಅವರ ಕೆಲಸ ನೋಡಬೇಕಿತ್ತು! ನಾನು ದಿನಾ ಕೂರುವ ಜಾಗದಲ್ಲಿ ನನ್ನನ್ನು ಕೂರಿಸಿ, ಬಡಗಿಯ ಟೇಪು ಹಿಡಿದು, ಐದು ಸ್ಪೀಕರುಗಳಿಂದಲೂ ನನ್ನ ತಲೆಯವರೆಗೆ ಅಳೆದರು. ಬೆನ್ನ ಹಿಂದಿನವು ನಾಲ್ಕಡಿ, ಮುಂದಿನವು ಒಂಬತ್ತಡಿ.

"ಹತ್ರ ಇರೋದ್ರ ಸದ್ದು ಮೊದ್ಲೇ ಓಡ್ಬಂದ್ಬುಡ್ತದೆ. ಅದನ್ನ ವಸಿ ತಡೀಬೇಕು" ಎಂದು ರಿಮೋಟಿನಲ್ಲಿ ಆ ದೂರಗಳನ್ನು ಒತ್ತಿದರು.

"ಇಷ್ಟು ಚಿಕ್ಕ ಮನೇಗೂ ಬೇಕಾ ಇದೆಲ್ಲ?" ಎಂದು ನಕ್ಕೆ.

"ಪಂಕ್ತೀಲಿ ಕೊನೆ ಎಲೆಗೆ ಬಡ್ಸೋಗಂಟ ಮೊದ್ಲನೇ ಎಲೆಯೋನು ಕೈ ಇಕ್ಕಂಗಿಲ್ಲ ಕಣಪ್ಪ. ಇದೂ ಅಂಗೇಯ."

ಆಮೇಲೆ ಫ್ಯಾನ್ ಆರಿಸಿದರು, ಒಲೆಯಿಂದ ಕುಕ್ಕರ್ ಇಳಿಸಿದರು. ಸದ್ದು ಅಳೆಯುವ ಮೀಟರನ್ನು ನನ್ನ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಒಂದೊಂದೇ ಸ್ಪೀಕರಿನಿಂದ 'ಸೊರ್' ಎನ್ನುವ ಸದ್ದು ಬಿಟ್ಟರು. ಐದರಲ್ಲೂ ಅಂಕಿ ಒಂದೇ ಬರುವವರೆಗೆ ಒತ್ತಿದರು, ಇಳಿಸಿದರು, ಮತ್ತೆ ಒತ್ತಿದರು. ಕೊನೆಗೆ ಯಾವುದೋ ಸಿನಿಮಾದ ಮಳೆ ಹಾಕಿದರು. ಅಬ್ಬಬ್ಬಾ! ಸುಮಾ ಎದ್ದು ಮಹಡಿಗೆ ಓಡಿ, ಒಣಹಾಕಿದ ಬಟ್ಟೆ ನೋಡಿಕೊಂಡು ಬಂದಳು.

ಮೂರೇ ದಿನಕ್ಕೆ ನಾನು ತಕರಾರು ತೆಗೆದೆ. ಎಡಗಡೆ ಸ್ಪೀಕರ್ ಮಂಕಾಗಿದೆ ಎಂದೆ. ಬಂದರು, ಮೀಟರಿಟ್ಟರು, ಎಲ್ಲ ಸಮ. ಅವರು ಹೋದ ಮೇಲೆ ನಾನೇ ಎಡಗಡೆಯದನ್ನು ಏರಿಸಿಕೊಂಡೆ. ಸುಮಾ ಕಿವಿ ಮುಚ್ಚಿಕೊಂಡು ಬೈದಳು. ಮತ್ತೆ ಕರೆಸಿದೆ. ಮೀಟರಿಟ್ಟು ಮತ್ತೆ ಎಲ್ಲ ಸಮ ಮಾಡಿದರು. ನನಗೋ ಮೂಗಿನ ತುದಿಯಲ್ಲೇ ಕೋಪ. "ನಿಮ್ ಮೀಟರೇ ಕೆಟ್ಟದೆ ಬಿಡಣ್ಣ, ನಿಮ್ಗೂ ವಯಸ್ಸಾಯ್ತು" ಅಂದುಬಿಟ್ಟೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ರೇಗಲಿಲ್ಲ. "ಟಿವಿಗೆ ಬೆನ್ನು ಹಾಕಿ ಕೂತ್ಕೊ" ಎಂದರು. ಕುರ್ಚಿ ತಿರುಗಿಸಿ ಕೂತೆ. ಮುಂದಿನ ಎರಡು ಸ್ಪೀಕರುಗಳಿಂದ ಒಂದಾದ ಮೇಲೊಂದು 'ಸೊರ್' ಬಿಟ್ಟರು.

"ಈಗ ಯಾವ್ದು ಮಂಕು? ಕೈ ತೋರ್ಸು."

ತೋರಿಸಿದೆ. ಸುಮಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ತೋರಿಸಿದ್ದು ಇಷ್ಟು ದಿನ ಹೊಗಳುತ್ತಿದ್ದ ಬಲಗಡೆ ಸ್ಪೀಕರನ್ನು. ತಿರುಗಿ ಕೂತಿದ್ದರಿಂದ ಅದೀಗ ನನ್ನ ಎಡಕ್ಕಿತ್ತು.

"ಪೆಟ್ಟಿಗೆ ಎರಡೂ ನೆಟ್ಟಗವೆ ಕಣಪ್ಪ. ಮಂಕಾಗಿರೋದು ನಿನ್ನ ಎಡಗಿವಿ. ಏನ್ ಕೆಲ್ಸ ನಿಂದು?"

"ಪ್ರೆಸ್ ಶಾಪು, ತಗಡು ಒತ್ತೋ ಕೆಲ್ಸ. ಹನ್ನೊಂದು ವರ್ಷ ಆಯ್ತು."

"ಮಿಷನ್ನು ಯಾವ ಕಡೀಕದೆ?"

"ಎಡಕ್ಕೆ."

"ಇಯರ್‌ಪ್ಲಗ್ ಇಕ್ಕಂತೀಯಾ?"

ಕಂಪನಿ ಕೊಟ್ಟದ್ದು ಲಾಕರಿನಲ್ಲಿ ಕವರ್ ಸಮೇತ ಬಿದ್ದಿತ್ತು. ಹಾಕಿಕೊಂಡವರನ್ನು ಗೇಲಿ ಮಾಡುತ್ತಿದ್ದವನೇ ನಾನು.

"ಕೂಗಿದ್ರೆ ಓ ಅನ್ನಲ್ಲ, ಬೇಕೂಂತ್ಲೇ ಹಿಂಗಾಡ್ತಾರೆ ಅನ್ಕೊಂಡಿದ್ದೆ ಅಣ್ಣ" ಎಂದು ಸುಮಾ ಅಳತೊಡಗಿದಳು.

ಮರುದಿನ ಅವರೇ ತಮ್ಮ ಸ್ಕೂಟರಿನಲ್ಲಿ ನನ್ನನ್ನು ಹೊಸೂರಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಡಗಿವಿಯಲ್ಲಿ ಹೋದದ್ದು ಹೋಯಿತು, ಬಲಗಿವಿಗೂ ಪೆಟ್ಟು ಶುರುವಾಗಿದೆ, ಉಳಿದದ್ದನ್ನಾದರೂ ಕಾಪಾಡಿಕೊಳ್ಳಿ ಎಂದರು ಡಾಕ್ಟರು. ನಮ್ಮ ಮಗಳು ಆಗಿನ್ನೂ ತೊದಲುತ್ತಿದ್ದಳು. ಹೀಗೇ ಬಿಟ್ಟಿದ್ದರೆ ಅವಳು ಮಾತು ಕಲಿಯುವ ಹೊತ್ತಿಗೆ ನಾನು ಕಿವುಡನಾಗಿಬಿಡುತ್ತಿದ್ದೆ. ಆ ವಾರವೇ ಸೂಪರ್‌ವೈಸರ ಕೈಕಾಲು ಹಿಡಿದು ಸದ್ದಿಲ್ಲದ ಇನ್‌ಸ್ಪೆಕ್ಷನ್‌ಗೆ ಬದಲಾಯಿಸಿಕೊಂಡೆ.

ಎಡಗಡೆ ಸ್ಪೀಕರನ್ನು ಇವರಿಗೋಸ್ಕರ ಒಂಚೂರು ಏರಿಸಿಕೊಡಿ ಎಂದು ಸುಮಾ ಕೇಳಿದಳು. ಮುನಿರಾಜಣ್ಣ ಒಪ್ಪಲೇ ಇಲ್ಲ. "ಮಗೀನ ಕಿವಿ ನೆಟ್ಟಗದೆ ಕಣಮ್ಮ, ಅದು ಸರಿಯಾದ್ದನ್ನೇ ಕೇಳ್ಲಿ. ಇವನು ವಸಿ ಎಡಕ್ಕೆ ಸರ್ಕೊಂಡು ಕೂತ್ಕೊಳ್ಲಿ."

ಯಂತ್ರವಿಟ್ಟು ಡಾಕ್ಟರು ಕಂಡದ್ದನ್ನು ಒಂದು ಕುರ್ಚಿ ತಿರುಗಿಸಿ ಕಂಡುಹಿಡಿದ ಮನುಷ್ಯ! ಯೋಚಿಸಿದಷ್ಟೂ ನನಗೆ ಬೆರಗು ಹೆಚ್ಚುತ್ತದೆ.

ಹೋದ ಆಡಿ ತಿಂಗಳಲ್ಲಿ, ಅಂದರೆ ತಮಿಳರ ಆಷಾಢದಲ್ಲಿ, ಎದೆನೋವು ಬಂದು ಮುನಿರಾಜಣ್ಣ ತೀರಿಕೊಂಡರು. ಅದಕ್ಕೆ ಹದಿನೈದು ದಿನ ಮೊದಲು ಜೂಜುವಾಡಿಯಲ್ಲಿ ಸಿಕ್ಕಿದ್ದರು. ಟೀ ಅಂಗಡಿ ಹುಡುಕಿಕೊಂಡು ಹೆದ್ದಾರಿಯ ಎಡ ಅಂಚಿನಲ್ಲಿ ನಡೆಯುತ್ತಿದ್ದೆವು. ಅವರು ನನ್ನ ಎಡಕ್ಕಿದ್ದರು. ನಾನು ಎರಡು ಸಲ "ಆ?" ಎಂದೆ. ಅವರು ನನ್ನ ಹಿಂದಿನಿಂದ ಸುತ್ತಿ ಬಲಕ್ಕೆ, ರಸ್ತೆಯ ಕಡೆಗೆ ಬಂದರು. ಅತ್ತಿಬೆಲೆ ಕಡೆಯ ಲಾರಿಗಳು ಅವರ ತೋಳು ಸವರಿಕೊಂಡೇ ಹೋಗುತ್ತಿದ್ದವು.

"ಅಯ್ಯೋ, ಲಾರಿ ಬತ್ತವೆ, ಈ ಕಡೆ ಬಾಣ್ಣ" ಎಂದು ಕೈ ಎಳೆದೆ.

"ಲಾರಿ ನಾನು ನೋಡ್ಕಂತೀನಿ. ನೀನು ಮಾತು ಕೇಳಿಸ್ಕೊ ಕಣ್ಲಾ."

ಅವತ್ತು ಅವರಾಡಿದ ಒಂದೊಂದು ಮಾತೂ ನನಗೆ ಕೇಳಿಸಿತು.