ಬೆಕ್ಕಿನ ಅಂಗಾಲು ನೋಡಿದವಳು

ಮೀನಿನಕ್ಕನ ಬಲಗೈಯಲ್ಲಿ, ಮಣಿಕಟ್ಟಿನಿಂದ ಬೆರಳ ಗೆಣ್ಣಿನವರೆಗೆ, ಮೀನಿನ ಹುರುಪೆಗಳು ಒಣಗಿ ಅಂಟಿಕೊಂಡು ಬಿಸಿಲಿಗೆ ಮಿನುಗುತ್ತಿದ್ದವು. ಮಿಂದು ದೇವಸ್ಥಾನಕ್ಕೆ ಹೊರಟ ದಿನವೂ ಒಂದೆರಡು ಉಳಿದಿರುತ್ತಿದ್ದವು. “ಬಳೆ ಇಲ್ಲದವರಿಗೆ ಸಮುದ್ರ ಕೊಟ್ಟದ್ದು ಇದು” ಎಂದು ನಗುತ್ತಿದ್ದಳು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಾನು ಬಿಕರ್ನಕಟ್ಟೆಯ ಈ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಮೀನಿನಕ್ಕ ದಿನಾ ಬಂದರಿನಿಂದ ಬುಟ್ಟಿ ಹೊತ್ತು, ನಂತೂರಿನ ಏರು ಹತ್ತಿ ಬರುತ್ತಿದ್ದಳು. ಅವಳ ಕೂಗು ಅವಳಿಗಿಂತ ಒಂದು ಫರ್ಲಾಂಗು ಮೊದಲೇ ಬರುತ್ತಿತ್ತು. ದಾರಿಯ ಬೆಕ್ಕುಗಳೆಲ್ಲ ಬಾಲವೆತ್ತಿ ಹಿಂದೆ ಬರುತ್ತಿದ್ದವು. ಮೀನು ಹಳತೆಂದು ಯಾರಾದರೂ ಮೂಗು ಮುರಿದರೆ ಬಂಗುಡೆಯ ಕಿವಿರು ಎತ್ತಿ ತೋರಿಸುವಳು. “ಕೆಂಪು ಉಂಟಲ್ಲ? ರಕ್ತ ಸುಳ್ಳು ಹೇಳುದಿಲ್ಲ.” ಕಿವಿರು ಬಿಳಿಚಿದ್ದರೆ ಅವಳೇ ಹೇಳಿಬಿಡುವಳು: “ಇದು ಬೇಡಮ್ಮ, ನಿನ್ನೆಯದ್ದು.” ಇಂಥ ವ್ಯಾಪಾರ ಮಾಡಿ ಹೇಗೆ ಬದುಕಿದಳೋ ದೇವರೇ ಬಲ್ಲ.

ನಮ್ಮ ಅತ್ತೆಗೆ ಒಂದು ಬಿಳಿ ಗಂಡು ಬೆಕ್ಕಿತ್ತು. ತಾಯಿ ಸತ್ತ ಮರಿಯನ್ನು ಬತ್ತಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ಒಂದು ಬೆಳಿಗ್ಗೆ ನಾನು ಅಂಗಳದಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಿದ್ದಾಗ ಅದು ಒಂದನ್ನು ಕಚ್ಚಿಕೊಂಡು ಓಡಿತು. ಸಿಟ್ಟಿನಲ್ಲಿ ಸೌದೆಯ ತುಂಡು ಬೀಸಿದೆ. ತಾಗಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಬೀಸಿದ್ದನ್ನು ಅತ್ತೆ ನೋಡಿದ್ದರು.

ಅರ್ಧ ಗಂಟೆ ಕಳೆದಿರಬೇಕು, ಹಿತ್ತಲಿನಿಂದ ಬೆಕ್ಕಿನ ಚೀರಾಟ ಕೇಳಿತು. ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅದು ಮುಂಗಾಲು ಊರಿ, ಹಿಂದಿನ ಎರಡೂ ಕಾಲುಗಳನ್ನು ಒದ್ದೆ ಬಟ್ಟೆಯಂತೆ ಎಳೆದುಕೊಂಡು ಬರುತ್ತಿತ್ತು. ಅತ್ತೆ ಬೈಯಲಿಲ್ಲ. “ಸೊಂಟ ಮುರಿದೆಯಲ್ಲ” ಎಂದಷ್ಟೇ ಹೇಳಿ ಅದನ್ನು ಮಡಿಲಿಗೆ ಹಾಕಿಕೊಂಡರು. ನೆರೆಮನೆಯ ಹೆಂಗಸು ಬಂದು, ಬೆಕ್ಕು ಕೊಂದ ಪಾಪ ಕಳೆಯಲು ಕಾಶಿಗೆ ಹೋಗಿ ಚಿನ್ನದ ಬೆಕ್ಕು ದಾನ ಮಾಡಬೇಕೆಂದು ನೆನಪಿಸಿ ಹೋದಳು. ನಾನು ಅಡುಗೆಮನೆಯ ಮೂಲೆಯಲ್ಲಿ ಕುಳಿತೆ. ಕೈಯಾರೆ ಮಾಡಿದೆ ಎಂದೇ ನಂಬಿದ್ದೆ. ಇನ್ನು ಈ ಮನೆಯಲ್ಲಿ ನನಗೆ ಉಳಿಗಾಲವಿಲ್ಲ ಅನ್ನಿಸಿತು.

ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ಹಿಂತಿರುಗುವಾಗ ಮೀನಿನಕ್ಕ ಎಂದಿನಂತೆ ಮಜ್ಜಿಗೆಗೆ ನಿಂತಳು. “ಎಂತ ಅಮ್ಮ, ಮನೆಯಲ್ಲಿ ಮಾತೇ ಇಲ್ಲ?”

ಅತ್ತೆ ವಿಷಯ ಹೇಳಿದರು. ಅವಳು ಕೂತು ಬೆಕ್ಕಿನ ಬೆನ್ನು ತಡವಿದಳು. ಆಮೇಲೆ ಒಂದೊಂದೇ ಕಾಲು ಹಿಡಿದು, ಅಂಗಾಲು ತಿರುಗಿಸಿ, ಕಿವಿರು ನೋಡುವಂತೆಯೇ ನೋಡಿದಳು.

“ಅಮ್ಮ, ಇಲ್ಲಿ ನೋಡಿ. ಎದುರಿನದ್ದು ಕೆಂಪು ಉಂಟು, ಬೆಚ್ಚಗೆ ಉಂಟು. ಹಿಂದಿನದ್ದು ಬಿಳಿಚಿ ನೀಲಿಯಾಗಿದೆ, ಐಸಿನ ಹಾಗೆ ತಣ್ಣಗೆ. ಪೆಟ್ಟಾದರೆ ಊದ್ತದೆ, ಬಿಸಿಯಾಗ್ತದೆ. ಇದು ರಕ್ತ ಎಲ್ಲಿಯೋ ಕಟ್ಟಿ ನಿಂತದ್ದು. ದೋಣಿ ಕಟ್ಟುವ ದಕ್ಕೆಯಲ್ಲಿ ಮೂರು ಬೆಕ್ಕಿಗೆ ಹೀಗಾದದ್ದು ನಾನು ಕಂಡಿದ್ದೇನೆ. ಯಾರೂ ಹೊಡೆದಿರಲಿಲ್ಲ.”

“ಇವಳು ಬೀಸಿದ್ದನ್ನು ನಾನೇ ನೋಡಿದ್ದೇನೆ.”

“ಇವಳಿಗೆ ಓಡುವ ಬೆಕ್ಕಿಗೆ ತಾಗಿಸುವಷ್ಟು ಗುರಿ ಉಂಟಾದರೆ ನಾಳೆಯೇ ಬಲೆ ಬೀಸಲಿಕ್ಕೆ ದೋಣಿಗೆ ಕಳಿಸಿ ಮಾರಾಯ್ರೆ, ನಮ್ಮವರಿಗೆ ಜನ ಸಾಲುದಿಲ್ಲ.”

ಹಾಗೆನ್ನುತ್ತ ಅತ್ತೆಯ ಕೈ ಎಳೆದು ಬೆಕ್ಕಿನ ಕಾಲುಗಳ ಮೇಲೆ ಇಟ್ಟಳು. ಅತ್ತೆ ಮುಂದಿನ ಕಾಲು ಮುಟ್ಟಿದರು, ಹಿಂದಿನದನ್ನು ಮುಟ್ಟಿದರು, ಮತ್ತೆ ಮುಂದಿನದನ್ನು ಮುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನು ಬೆಳಗ್ಗಿಂದ ಎಂತದ್ದೂ ತಿನ್ನಲಿಲ್ಲ ಅಲ್ವಾ? ಬಾ, ಮೊದಲು ಊಟ ಮಾಡು.”

ಮೂಲೆಯಲ್ಲಿ ತಡೆದುಕೊಂಡಿದ್ದ ಅಳು ಆಗ ಬಂತು. “ಇವಳ ಕಾಲು ಬೆಚ್ಚಗೆ ಉಂಟಾ ನೋಡಿ” ಎಂದು ಮೀನಿನಕ್ಕ ಗೇಲಿ ಮಾಡಿದಳು. ಅಳುತ್ತಲೇ ನಕ್ಕೆ. ಅತ್ತೆಯೂ ನಕ್ಕರು.

ಬದುಕುತ್ತದೆ ಎಂದು ಅವಳು ಮಾತು ಕೊಡಲಿಲ್ಲ. ದಕ್ಕೆಯ ಮೂರೂ ಸತ್ತಿದ್ದವಂತೆ. ಕಾಲು ತಿಕ್ಕಬೇಡಿ, ಶಾಖ ಕೊಡಬೇಡಿ, ಗೋಣಿಯಲ್ಲಿ ಸುತ್ತಿ ಅಲುಗಾಡದಂತೆ ಮಲಗಿಸಿ ಎಂದಳು. ನಾನೂ ಅತ್ತೆಯೂ ಸರದಿಯಲ್ಲಿ ಕಾದೆವು. ಮೀನಿನಕ್ಕ ದಿನಾ ಬಂದು ಅಂಗಾಲು ನೋಡಿ ವರದಿ ಒಪ್ಪಿಸುತ್ತಿದ್ದಳು: “ಇವತ್ತು ನಿನ್ನೆಯದ್ದಕ್ಕಿಂತ ತಾಜಾ.” ಮೂರನೆಯ ವಾರ ಅದು ಎದ್ದು, ಒಂದು ಕಾಲು ಎಳೆಯುತ್ತ ಸೀದಾ ಅವಳ ಬುಟ್ಟಿಗೆ ಬಾಯಿ ಹಾಕಿತು. ಅವಳು ಅದರ ಬಾಯಿಂದ ಮೀನು ಕಸಿಯಲಿಲ್ಲ. ತಲೆಯ ಸಿಂಬಿ ತೆಗೆದು ಕೆಳಗಿಟ್ಟು, ನಗುತ್ತ ಅಲ್ಲೇ ಕೂತಳು.

ಎಷ್ಟೋ ವರ್ಷಗಳ ಮೇಲೆ ಒಬ್ಬ ದನದ ಡಾಕ್ಟರರಿಗೆ ಇದನ್ನು ಹೇಳಿದೆ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಹೊರಟು, ಹಿಂಗಾಲುಗಳಿಗೆ ನಾಳ ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುತ್ತದೆ, ಬೆಕ್ಕು ಉಳಿಯುವುದು ಅಪರೂಪ ಎಂದರು. ಅಂಗಾಲು ನೋಡಿ ಹೇಳಿದ ಡಾಕ್ಟರು ಯಾರೆಂದು ಕೇಳಿದರು. ಮೀನು ಮಾರುವವಳು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಬೆಕ್ಕು ಇನ್ನೂ ಒಂದೂವರೆ ವರ್ಷ ಬದುಕಿತು. ಸತ್ತಾಗ ಕೇಳಲು ಬಂದವರಿಗೆ ಅತ್ತೆ, “ಹೋಗಬೇಕಾದದ್ದು ಅಂದೇ ಹೋಗ್ತಿತ್ತು, ಸೊಸೆ ಉಳಿಸಿಕೊಂಡಳು” ಎಂದರು.

ಯುದ್ಧ ಮುಗಿದ ವರ್ಷ ಮೀನಿನಕ್ಕ ಜ್ವರದಲ್ಲಿ ತೀರಿಕೊಂಡಳು. ಸುದ್ದಿ ಬಂದಾಗ ಅತ್ತೆಯೂ ನಾನೂ ಅಡುಗೆಮನೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕಣ್ಣೀರು ಹಾಕಿದೆವು. ಅಷ್ಟು ಹೊತ್ತಿಗೆ ನಾವಿಬ್ಬರೂ ಹಾಗೆ ಕೈ ಹಿಡಿದು ಅಳುವಂಥವರಾಗಿದ್ದೆವು. ಅದು ಆಕೆ ಮಾಡಿಕೊಟ್ಟದ್ದು.